ಶಾಲಾ ಮೈದಾನದಲ್ಲಿ ಗ್ರಹ ವೀಕ್ಷಣೆ: ಗ್ರಾಮ ಪಂಚಾಯತಿಯ ಪಾಲಿನ ಕೆಲಸ

ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ



ಹಿಂಗಾರಿನ ಮೋಡಗಳು ಚದುರಿ ಆಕಾಶವು ತಿಳಿಯಾಗುವ ದಿನಗಳಿಂದ ಮಾರ್ಚ್ ತಿಂಗಳಿನವರೆಗಿನ ಅವಧಿಯಲ್ಲಿ ಹವ್ಯಾಸಿ ಖಗೋಳ ವೀಕ್ಷಕರು ತಮ್ಮ ದೂರದರ್ಶಕಗಳನ್ನು ವಾಹನಗಳಲ್ಲಿ ಹೇರಿಕೊಂಡು ಗ್ರಾಮಾಂತರ ಶಾಲೆಗಳಿಗೆ ಬರುವುದುಂಟು. ಅವರು ಕೇಳುವುದು ಒಂದು ಮೈದಾನ ಮತ್ತು ಒಂದು ಸಂಜೆ. ಕೋರಿಕೆಯ ಪತ್ರವು ಸಾಮಾನ್ಯವಾಗಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಬಂದು, ಅದರ ಪ್ರತಿಯೊಂದು ಗ್ರಾಮ ಪಂಚಾಯತಿ ಕಚೇರಿಯನ್ನು ತಲುಪಿ, ‘ಮಾಹಿತಿಗಾಗಿ’ ಎಂಬ ಷರಾದೊಂದಿಗೆ ಕಡತವನ್ನು ಸೇರುತ್ತದೆ. ಅಲ್ಲಿಗೆ ಪಂಚಾಯತಿಯ ಪಾಲಿನ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಂತಹ ಸಂಜೆಯು ಸಫಲವಾಗುವುದೂ ವಿಫಲವಾಗುವುದೂ ಬಹುಮಟ್ಟಿಗೆ ಪಂಚಾಯತಿಯ ಕೈಯಲ್ಲಿಯೇ ಇರುತ್ತದೆ. ದೂರದರ್ಶಕವನ್ನು ವೀಕ್ಷಕರು ತರುತ್ತಾರೆ. ಮಕ್ಕಳನ್ನು ಶಿಕ್ಷಕರು ಕರೆತರುತ್ತಾರೆ. ಕತ್ತಲೆಯನ್ನೂ, ಸಮಯವನ್ನೂ, ಮನೆಗೆ ಮರಳುವ ಸುರಕ್ಷಿತ ದಾರಿಯನ್ನೂ ಒದಗಿಸಬಲ್ಲ ಸಂಸ್ಥೆ ಪಂಚಾಯತಿಯಲ್ಲದೆ ಬೇರೊಂದಿಲ್ಲ.

ಈ ವೀಕ್ಷಕರು ಯಾರು ಎಂಬುದನ್ನು ಮೊದಲಿಗೆ ತಿಳಿಯುವುದು ಸೂಕ್ತ. ಇವರಲ್ಲಿ ಹೆಚ್ಚಿನವರು ವೇತನಕ್ಕಾಗಿ ಖಗೋಳ ವಿಜ್ಞಾನವನ್ನು ಅಭ್ಯಸಿಸಿದವರಲ್ಲ. ಶಿಕ್ಷಕರು, ಬ್ಯಾಂಕ್ ನೌಕರರು, ಸಾಫ್ಟ್‌ವೇರ್ ಉದ್ಯೋಗಿಗಳು, ನಿವೃತ್ತರು, ಕಾಲೇಜು ವಿದ್ಯಾರ್ಥಿಗಳು ತಮ್ಮ ಬಿಡುವಿನ ವೇಳೆಯಲ್ಲಿ ಆಕಾಶವನ್ನು ನೋಡಿ, ನೋಡಿದ್ದನ್ನು ಇತರರಿಗೂ ತೋರಿಸುವವರು. ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಬೆಂಗಳೂರು ಅಮೆಚೂರ್ ಅಸ್ಟ್ರಾನಮರ್ಸ್, ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಈ ಬಗೆಯವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಮಂಗಳೂರು ಬಳಿಯ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಇವುಗಳ ನೆರವನ್ನೂ ಶಾಲೆಗಳು ಕೇಳಬಹುದಾಗಿದೆ. ಈ ಪೈಕಿ ನೆಹರು ತಾರಾಲಯವನ್ನು 1989ರಲ್ಲಿ ಸ್ಥಾಪಿಸಿದ್ದು ವಿಶ್ವವಿದ್ಯಾಲಯವಲ್ಲ, ಬೆಂಗಳೂರು ನಗರಪಾಲಿಕೆ; ಅಂದರೆ ರಸ್ತೆ, ಚರಂಡಿ, ಬೀದಿದೀಪಗಳ ಹೊಣೆ ಹೊತ್ತ ಒಂದು ಸ್ಥಳೀಯ ಸಂಸ್ಥೆ. ಆಕಾಶ ವೀಕ್ಷಣೆಯು ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಬರುವುದಿಲ್ಲ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಸಾರ್ವಜನಿಕರನ್ನು ಕರೆದು ಗ್ರಹಗಳನ್ನು ತೋರಿಸುವ ಈ ಪದ್ಧತಿಗೆ ವಿಶೇಷ ರೂಪ ಕೊಟ್ಟವರು ಅಮೆರಿಕದ ಜಾನ್ ಡಾಬ್ಸನ್. ಅವರ ಜೀವನಕ್ಕೂ ಈ ನಾಡಿನ ಜನರಿಗೆ ಪರಿಚಿತವಾದ ಪರಂಪರೆಯೊಂದಕ್ಕೂ ನಂಟಿದೆ. 1915ರಲ್ಲಿ ಬೀಜಿಂಗ್‌ನಲ್ಲಿ ಜನಿಸಿದ ಡಾಬ್ಸನ್, ಬಾಲ್ಯದಲ್ಲಿಯೇ ಕುಟುಂಬದೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ರಸಾಯನ ವಿಜ್ಞಾನದಲ್ಲಿ ಪದವಿ ಪಡೆದು, 1944ರಲ್ಲಿ ಅಲ್ಲಿನ ವೇದಾಂತ ಸೊಸೈಟಿಯ ಮಠವನ್ನು ಸೇರಿದರು. ಸ್ವಾಮಿ ವಿವೇಕಾನಂದರು 1900ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಸನ್ಯಾಸಿಗೆ ಹಣವಿಲ್ಲ, ಆದರೆ ವಿಶ್ವವು ಹೇಗಿದೆಯೆಂದು ಕಣ್ಣಾರೆ ಕಾಣುವ ಹಂಬಲವಿತ್ತು. ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಕೈಯಿಂದಲೇ ಉಜ್ಜಿ ದರ್ಪಣವನ್ನಾಗಿಸಿ, ಕಾಂಕ್ರೀಟ್ ಕಂಬಗಳನ್ನು ಎರಕ ಹೊಯ್ಯುವಾಗ ಅಚ್ಚಾಗಿ ಬಳಸುವ ರಟ್ಟಿನ ಕೊಳವೆಯನ್ನು ದೂರದರ್ಶಕದ ಒಡಲನ್ನಾಗಿಸಿ, ಪ್ಲೈವುಡ್ ಪೆಟ್ಟಿಗೆಯೊಂದನ್ನು ಅದಕ್ಕೆ ಪೀಠವನ್ನಾಗಿಸಿದರು. ತೋಪಿನಂತೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕೈಯಿಂದಲೇ ತಿರುಗಿಸಬಹುದಾದ ಸರಳ ಪೀಠ. ದುಬಾರಿ ಯಂತ್ರಭಾಗ ಯಾವುದೂ ಅದರಲ್ಲಿಲ್ಲ.

ಮಠದ ನೆರೆಹೊರೆಯ ಮಕ್ಕಳಿಗೂ ದೊಡ್ಡವರಿಗೂ ರಾತ್ರಿಯ ವೇಳೆ ಆಕಾಶ ತೋರಿಸುವುದು ಅವರಿಗೆ ಬಿಡಲಾಗದ ಅಭ್ಯಾಸವಾಯಿತು. ಮಠದ ದಿನಚರಿಗೂ ಈ ಅಭ್ಯಾಸಕ್ಕೂ ಹೊಂದಿಕೆಯಾಗದೆ 1967ರಲ್ಲಿ ಅವರು ಮಠವನ್ನು ತೊರೆಯಬೇಕಾಯಿತು. ಮರುವರ್ಷ, 1968ರಲ್ಲಿ, ಇಬ್ಬರು ಯುವಕರೊಡಗೂಡಿ ‘ಸ್ಯಾನ್ ಫ್ರಾನ್ಸಿಸ್ಕೊ ಸೈಡ್‌ವಾಕ್ ಅಸ್ಟ್ರಾನಮರ್ಸ್’ ಎಂಬ ಸಂಘವನ್ನು ಹುಟ್ಟುಹಾಕಿದರು. ಸೈಡ್‌ವಾಕ್ ಎಂದರೆ ಪಾದಚಾರಿ ಮಾರ್ಗ. ಹೆಸರೇ ಹೇಳುವಂತೆ, ಅವರು ಜನರನ್ನು ವೀಕ್ಷಣಾಲಯಕ್ಕೆ ಕರೆಯಲಿಲ್ಲ. ಜನ ನಡೆದಾಡುವ ಬೀದಿಗೇ ದೂರದರ್ಶಕವನ್ನು ತಂದು ನಿಲ್ಲಿಸಿದರು. ತಾವು ರೂಪಿಸಿದ ಪೀಠಕ್ಕೆ ಪೇಟೆಂಟ್ ಪಡೆಯಲಿಲ್ಲ. ಇಂದು ಜಗತ್ತಿನಾದ್ಯಂತ ‘ಡಾಬ್ಸೋನಿಯನ್’ ಎಂದೇ ಹೆಸರಾಗಿರುವ ಆ ಮಾದರಿಯ ದೂರದರ್ಶಕಗಳೇ ಕರ್ನಾಟಕದ ಶಾಲಾ ಮೈದಾನಗಳಿಗೂ ಬರುತ್ತಿವೆ. 2014ರಲ್ಲಿ, 98ನೆಯ ವಯಸ್ಸಿನಲ್ಲಿ, ಡಾಬ್ಸನ್ ನಿಧನರಾದರು.

ಇನ್ನು, ಆ ಕೊಳವೆಯಲ್ಲಿ ಮಗುವಿಗೆ ಕಾಣುವುದಾದರೂ ಏನು? ಈ ವಿಚಾರದಲ್ಲಿ ಹಿರಿಯರ ನಿರೀಕ್ಷೆಯೇ ಬಹಳ ಸಲ ತಪ್ಪಾಗಿರುತ್ತದೆ. ಪಠ್ಯಪುಸ್ತಕದಲ್ಲಿ ಪುಟದಗಲಕ್ಕೆ ಅಚ್ಚಾದ ಬಣ್ಣದ ಶನಿಗ್ರಹವು ವ್ಯೋಮನೌಕೆಯ ಚಿತ್ರ. ದೂರದರ್ಶಕದ ನೇತ್ರಮಸೂರದಲ್ಲಿ ಕಾಣುವ ಶನಿಯು ಅವರೆಕಾಳಿನಷ್ಟು ಗಾತ್ರದ, ಮಾಸಲು ಹಳದಿ ಬಣ್ಣದ ಬಿಂಬ. ಅದರ ಸುತ್ತ ಮಟ್ಟಸವಾದ ಪುಟ್ಟ ಬಳೆ. ಅಷ್ಟೇ. ಆದರೂ ಅದನ್ನು ಮೊದಲ ಬಾರಿಗೆ ಕಂಡ ಮಗು ಕೊಳವೆಯ ಮುಂಭಾಗಕ್ಕೆ ಓಡಿಹೋಗಿ, ಒಳಗೆ ಚಿತ್ರವನ್ನೇನಾದರೂ ಅಂಟಿಸಿದ್ದಾರೆಯೇ ಎಂದು ಇಣುಕಿ ನೋಡುವುದು ವೀಕ್ಷಕರೆಲ್ಲರ ಅನುಭವಕ್ಕೆ ಬಂದ ಸಂಗತಿ. ಈ ಸಂದೇಹವನ್ನು ಗದರಿಸಿ ಅಡಗಿಸಬಾರದು. ಅದು ವಿಜ್ಞಾನದ ಮೊದಲ ಮೆಟ್ಟಿಲೇ ಆಗಿದೆ. ಸಂದೇಹಕ್ಕೆ ಉತ್ತರವೂ ಅದೇ ಕೊಳವೆಯಲ್ಲಿದೆ: ದೂರದರ್ಶಕವನ್ನು ಯಾರೂ ಮುಟ್ಟದೆ ಬಿಟ್ಟರೆ, ನೂರು ಪಟ್ಟು ವರ್ಧನೆಯಲ್ಲಿ, ನಟ್ಟನಡುವೆ ಇದ್ದ ಗ್ರಹವು ಸುಮಾರು ಒಂದು ನಿಮಿಷದಲ್ಲಿ ಮೆಲ್ಲನೆ ಸರಿದು ಅಂಚನ್ನು ದಾಟಿ ಮರೆಯಾಗುತ್ತದೆ. ಅಂಟಿಸಿದ ಚಿತ್ರ ಸರಿಯುವುದಿಲ್ಲ. ಸರಿಯುತ್ತಿರುವುದು ಗ್ರಹವೂ ಅಲ್ಲ, ಮಗು ನಿಂತಿರುವ ಮೈದಾನವೇ ಭೂಮಿಯೊಡನೆ ಪೂರ್ವಕ್ಕೆ ತಿರುಗುತ್ತಿದೆ. ಭೂಮಿಯು ತನ್ನ ಅಕ್ಷದ ಮೇಲೆ ಸುತ್ತುತ್ತದೆ ಎಂಬ ವಾಕ್ಯವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರಲ್ಲಿ ಎಷ್ಟು ಮಂದಿ ಅದು ಸುತ್ತುವುದನ್ನು ನೋಡಿದ್ದಾರೆ?

ಗುರುಗ್ರಹದ ವಿಚಾರ ಇನ್ನೂ ಸ್ವಾರಸ್ಯಕರ. 1610ರ ಜನವರಿ 7ರಂದು ಗೆಲಿಲಿಯೋ ಗುರುವಿನ ಪಕ್ಕದಲ್ಲಿ ಮೂರು ಬೆಳಕಿನ ಚುಕ್ಕಿಗಳನ್ನು ಕಂಡು, ಮುಂದಿನ ದಿನಗಳಲ್ಲಿ ಅವು ಸ್ಥಾನ ಬದಲಿಸುವುದನ್ನೂ ನಾಲ್ಕನೆಯದೊಂದು ಕಾಣಿಸಿಕೊಂಡಿದ್ದನ್ನೂ ಗುರುತು ಹಾಕಿಕೊಂಡರು. ಎಲ್ಲವೂ ಭೂಮಿಯನ್ನೇ ಸುತ್ತುವುದಿಲ್ಲ ಎಂಬುದಕ್ಕೆ ದೊರೆತ ಪ್ರತ್ಯಕ್ಷ ಸಾಕ್ಷ್ಯವದು. ಇಂದಿನ ಸಾಧಾರಣ ಹವ್ಯಾಸಿ ದೂರದರ್ಶಕವು ಗೆಲಿಲಿಯೋ ಬಳಸಿದ ಉಪಕರಣಕ್ಕಿಂತ ಎಷ್ಟೋ ಉತ್ತಮವಾದುದು. ಗುರುವಿಗೆ ಸಮೀಪದ ಅಯೋ ಎಂಬ ಚಂದ್ರನು ಸುಮಾರು 42 ಗಂಟೆಗಳಲ್ಲಿ ಒಂದು ಸುತ್ತನ್ನು ಪೂರೈಸುತ್ತಾನೆ. ಆದುದರಿಂದ ವೀಕ್ಷಣೆಯನ್ನು ಎರಡು ಸಂಜೆ ಏರ್ಪಡಿಸಿ, ಮಕ್ಕಳು ಎರಡೂ ದಿನ ನಾಲ್ಕು ಚುಕ್ಕಿಗಳ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ, ಗೆಲಿಲಿಯೋ ಮಾಡಿದ ಕೆಲಸವನ್ನು ಐದನೆಯ ತರಗತಿಯ ಮಗುವೂ ಮಾಡಿದಂತಾಗುತ್ತದೆ. ಈ ಚಿತ್ರಗಳನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗೋಡೆಯ ಮೇಲೆ ಪ್ರದರ್ಶಿಸುವುದಕ್ಕೆ ಖರ್ಚೇನೂ ಇಲ್ಲ. ಒಂದು ಸಂಜೆಗಿಂತ ಎರಡು ಸಂಜೆ ಕೇಳಬೇಕು ಎಂಬ ಸಲಹೆಗೆ ಇದೇ ಕಾರಣ.

ಈಗ ಸಾಲಿನ ವಿಚಾರ. ಇದು ಇಡೀ ಕಾರ್ಯಕ್ರಮದ ಮರ್ಮಸ್ಥಾನವಾಗಿರುವುದರಿಂದ ಸದಸ್ಯರು ಸ್ವಲ್ಪ ಲೆಕ್ಕವನ್ನು ಗಮನಿಸಬೇಕು. ಒಂದು ದೂರದರ್ಶಕದ ಬಳಿ ಒಂದು ಮಗು ಬಂದು, ಕಣ್ಣನ್ನು ಸರಿಯಾದ ಜಾಗದಲ್ಲಿಟ್ಟು, ಬಿಂಬವನ್ನು ಹುಡುಕಿಕೊಂಡು, ನೆಮ್ಮದಿಯಾಗಿ ಅರ್ಧ ನಿಮಿಷ ನೋಡಿ ಸರಿಯುವುದಕ್ಕೆ ಕನಿಷ್ಠ ಒಂದು ನಿಮಿಷ ಬೇಕು. ಸರಿದುಹೋದ ಗ್ರಹವನ್ನು ವೀಕ್ಷಕರು ಆಗಾಗ ಮತ್ತೆ ನಡುವಿಗೆ ತರಬೇಕು. ಹೀಗಾಗಿ ಒಂದು ಗಂಟೆಗೆ 50 ಮಕ್ಕಳು ನೋಡಿದರೆ ಅದು ಒಳ್ಳೆಯ ವೇಗ. 300 ಮಕ್ಕಳನ್ನು ಸೇರಿಸಿ ಒಂದೇ ದೂರದರ್ಶಕದ ಮುಂದೆ ನಿಲ್ಲಿಸಿದರೆ ಆರು ಗಂಟೆ ಬೇಕಾಗುತ್ತದೆ. ಅಷ್ಟು ಸಮಯ ಯಾರಿಗೂ ಇರುವುದಿಲ್ಲವಾದ್ದರಿಂದ ಪ್ರತಿ ಮಗುವಿಗೆ ಐದು ಸೆಕೆಂಡು ಮಾತ್ರ ಸಿಗುತ್ತದೆ. ಐದು ಸೆಕೆಂಡಿನಲ್ಲಿ ಏನೂ ಕಾಣುವುದಿಲ್ಲ. ಛಾಯಾಚಿತ್ರದಲ್ಲಿ ಮಾತ್ರ ಕಾರ್ಯಕ್ರಮವು ಭರ್ಜರಿಯಾಗಿ ಕಾಣುತ್ತದೆ.

ಆಗ ಮಗು ಏನು ಹೇಳುತ್ತದೆ? ‘ಕಾಣಿಸಿತು ಸರ್’ ಎನ್ನುತ್ತದೆ. ಹಿಂದೆ ಸಾಲು ಒತ್ತುತ್ತಿದೆ, ಮುಂದೆ ಅಪರಿಚಿತರು ನಿಂತಿದ್ದಾರೆ, ಪಕ್ಕದಲ್ಲಿ ಶಿಕ್ಷಕರಿದ್ದಾರೆ; ಕಾಣಿಸಲಿಲ್ಲ ಎನ್ನುವುದಕ್ಕೆ ಧೈರ್ಯ ಬೇಕು. ಮನೆಗೆ ಹೋದ ಮೇಲೆ, ಎಲ್ಲರಿಗೂ ಕಂಡದ್ದು ತನಗೊಬ್ಬನಿಗೆ ಕಾಣಲಿಲ್ಲವೆಂದೂ, ವಿಜ್ಞಾನವು ತನ್ನಂಥವರಿಗಲ್ಲವೆಂದೂ ಆ ಮಗು ತೀರ್ಮಾನಿಸಿಕೊಳ್ಳುವ ಸಂಭವವಿದೆ. ಕಾರ್ಯಕ್ರಮವನ್ನೇ ಮಾಡದಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ ಇದು ದೊಡ್ಡ ನಷ್ಟ. ನುರಿತ ವೀಕ್ಷಕರು ‘ಕಾಣಿಸಿತೇ?’ ಎಂದು ಕೇಳುವುದೇ ಇಲ್ಲ. ‘ಬಳೆ ಯಾವ ಕಡೆಗೆ ವಾಲಿದೆ?’, ‘ಚುಕ್ಕಿಗಳು ಎಷ್ಟು, ಯಾವ ಕಡೆಗೆ ಎಷ್ಟೆಷ್ಟು?’ ಎಂದು ಕೇಳುತ್ತಾರೆ. ಉತ್ತರ ಬರದಿದ್ದರೆ ಮಗುವನ್ನು ಮತ್ತೆ ನೋಡಿಸುತ್ತಾರೆ. ಈ ತಾಳ್ಮೆಗೆ ಸಮಯ ಬೇಕು. ಸಮಯಕ್ಕೆ ಮಕ್ಕಳ ಸಂಖ್ಯೆ ಮಿತವಾಗಿರಬೇಕು. ಒಂದು ದೂರದರ್ಶಕಕ್ಕೆ ಒಂದು ಸಂಜೆ 60 ಮಕ್ಕಳಿಗಿಂತ ಹೆಚ್ಚು ಬೇಡ. ಹೆಚ್ಚು ಮಕ್ಕಳಿದ್ದರೆ ಹೆಚ್ಚು ದೂರದರ್ಶಕ ಕೇಳಬೇಕು, ಇಲ್ಲವೇ ಹೆಚ್ಚು ದಿನ ಕೇಳಬೇಕು.

ವೇದಿಕೆಯ ಸಂಗತಿಯನ್ನೂ ಇಲ್ಲಿಯೇ ಹೇಳಬೇಕಾಗಿದೆ. ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ, ದೀಪ ಬೆಳಗುವುದು, ಅತಿಥಿಗಳ ಮಾತು, ಶಾಲು, ಹಾರ, ವಂದನಾರ್ಪಣೆ ಇವೆಲ್ಲವೂ ಗ್ರಾಮದ ಗೌರವದ ಕುರುಹುಗಳೇ ಸರಿ. ಆದರೆ ಸಂಜೆಯ ಪಶ್ಚಿಮ ದಿಕ್ಕಿನಲ್ಲಿ ಬೆಳಗುವ ಶುಕ್ರಗ್ರಹವು ಎಷ್ಟೇ ಅನುಕೂಲಕರ ಸ್ಥಾನದಲ್ಲಿದ್ದರೂ ಸೂರ್ಯಾಸ್ತವಾದ ಕೆಲವೇ ಗಂಟೆಗಳೊಳಗೆ ಅಸ್ತವಾಗುತ್ತದೆ. ಹಲವು ತಿಂಗಳುಗಳಲ್ಲಿ ಅದಕ್ಕೂ ಮುಂಚೆಯೇ. ಶುಕ್ರನು ವಂದನಾರ್ಪಣೆಗಾಗಿ ಕಾಯುವುದಿಲ್ಲ. ಸಭಾ ಕಾರ್ಯಕ್ರಮ ಅಗತ್ಯವೆನಿಸಿದರೆ ಅದನ್ನು ಸಂಜೆ ಐದು ಗಂಟೆಗೆ, ಬೆಳಕಿರುವಾಗಲೇ ಮುಗಿಸಿಬಿಡುವುದು ಲೇಸು. ಕತ್ತಲಾದ ಮೇಲಿನ ಪ್ರತಿ ನಿಮಿಷವೂ ಒಂದು ಮಗುವಿನ ಸರದಿ. ಸದಸ್ಯರ ಕುಟುಂಬದವರು, ಗ್ರಾಮದ ಹಿರಿಯರು ಮಕ್ಕಳೆಲ್ಲರ ಸರದಿ ಮುಗಿದ ನಂತರ ನೋಡುವುದೆಂದು ಮೊದಲೇ ನಿಶ್ಚಯಿಸಿ ಪ್ರಕಟಿಸಿದರೆ ಯಾರಿಗೂ ಬೇಸರವಾಗದು. ಹಾಗೆ ಮಾಡದಿದ್ದಲ್ಲಿ ಆಗುವುದೇನೆಂದು ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಶನಿಗ್ರಹವನ್ನು ತೋರಿಸುವಾಗ ಗ್ರಾಮಗಳಲ್ಲಿ ಒಂದು ವಿಶೇಷ ಸನ್ನಿವೇಶ ಎದುರಾಗುತ್ತದೆ. ಶನಿಯೆಂದರೆ ಕಾಟ, ಶನಿಯೆಂದರೆ ಸಾಡೇಸಾತಿ ಎಂಬ ಮಾತುಗಳನ್ನು ಕೇಳಿ ಬೆಳೆದ ಮಕ್ಕಳಲ್ಲಿ ಕೆಲವರು ನೋಡುವುದಕ್ಕೇ ಹಿಂಜರಿಯುತ್ತಾರೆ. ಕೆಲವು ತಾಯಂದಿರು ಮಕ್ಕಳನ್ನು ಕಳುಹಿಸುವುದಿಲ್ಲ. ಈ ಭಯವನ್ನು ಹಾಸ್ಯ ಮಾಡುವುದರಿಂದ ಪ್ರಯೋಜನವಿಲ್ಲ, ವೇದಿಕೆಯ ಮೇಲಿಂದ ಖಂಡಿಸುವುದರಿಂದ ಇನ್ನಷ್ಟು ಹಾನಿ. ಅದರ ಬದಲಿಗೆ ಒಂದು ಸರಳ ಲೆಕ್ಕವನ್ನು ಮಕ್ಕಳ ಮುಂದಿಡಬಹುದು. ಶನಿಗ್ರಹವು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29 ವರ್ಷ ಆರು ತಿಂಗಳು ತೆಗೆದುಕೊಳ್ಳುತ್ತದೆ. ಹನ್ನೆರಡು ರಾಶಿಗಳಿಗೆ ಅದನ್ನು ಭಾಗಿಸಿದರೆ ಒಂದೊಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ. ಮೂರು ರಾಶಿಗಳಿಗೆ ಏಳೂವರೆ ವರ್ಷ. ಸಾಡೇಸಾತಿ ಎಂಬ ಸಂಖ್ಯೆ ಬಂದದ್ದು ಹೀಗೆ. ನಿಧಾನವಾಗಿ ಚಲಿಸುವವನು ಎಂಬ ಅರ್ಥದಲ್ಲಿಯೇ ಹಿಂದಿನವರು ಈ ಗ್ರಹವನ್ನು ಶನೈಶ್ಚರ ಎಂದು ಕರೆದರು. ದೂರದರ್ಶಕವಿಲ್ಲದ ಕಾಲದಲ್ಲಿ, ಬರಿಗಣ್ಣಿನಿಂದ, ತಲೆಮಾರುಗಳವರೆಗೆ ತಾಳ್ಮೆಯಿಂದ ಗಮನಿಸಿದವರ ಎಣಿಕೆ ಇದು. ಎಣಿಕೆ ಸರಿಯಾಗಿದೆ. ಭಯವು ಆ ಎಣಿಕೆಗೆ ನಂತರ ಅಂಟಿಕೊಂಡದ್ದು. ನೂರು ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಆ ಗ್ರಹದಿಂದ ಹೊರಟ ಬೆಳಕು ಭೂಮಿಯನ್ನು ತಲುಪಲು ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಮಗುವಿನ ಕಣ್ಣಿಗೆ ಬಿದ್ದ ಬೆಳಕು, ಮಗು ಮನೆಯಿಂದ ಹೊರಡುವ ಮುನ್ನವೇ ಶನಿಯಿಂದ ಹೊರಟಿರುತ್ತದೆ.

ಭಯವು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 2019ರ ಡಿಸೆಂಬರ್ 26ರ ಬೆಳಗಿನ ಕಂಕಣ ಸೂರ್ಯಗ್ರಹಣವು ಸಾಕ್ಷಿ. ಅಂದು ರಾಜ್ಯದ ದಕ್ಷಿಣದ ಅಂಚಿನಲ್ಲಿ, ಕರಾವಳಿ ಮತ್ತು ಕೊಡಗಿನ ಭಾಗಗಳಲ್ಲಿ, ಸೂರ್ಯನು ಬೆಂಕಿಯ ಬಳೆಯಂತೆ ಗೋಚರಿಸಿದನು; ಹವ್ಯಾಸಿ ವೀಕ್ಷಕರು ಸುರಕ್ಷಿತ ಸೋಸುಕಗಳ ಮೂಲಕ ಅದನ್ನು ಮಕ್ಕಳಿಗೆ ತೋರಿಸಿದರು. ಅದೇ ಬೆಳಿಗ್ಗೆ, ಅದೇ ರಾಜ್ಯದ ಉತ್ತರ ಭಾಗದ ಗ್ರಾಮವೊಂದರಲ್ಲಿ, ಅಂಗವೈಕಲ್ಯ ಗುಣವಾಗುವುದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ವರದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆ ತಂದೆತಾಯಿಗಳು ಕ್ರೂರಿಗಳಲ್ಲ. ಬೇರೆ ಯಾರೂ ಏನನ್ನೂ ತೋರಿಸದೆ ಇದ್ದವರು. 2027ರ ಆಗಸ್ಟ್ 2ರ ಸೂರ್ಯಗ್ರಹಣವು ಕರ್ನಾಟಕದಲ್ಲಿ ಭಾಗಶಃ ಗೋಚರಿಸುವುದಾಗಿದ್ದು, ಮಳೆಗಾಲವಾದ್ದರಿಂದ ಮೋಡದ ಅಡ್ಡಿ ಇರಬಹುದಾದರೂ, ಗ್ರಾಮಗಳು ಆ ದಿನಕ್ಕೆ ಮುಂಚಿತವಾಗಿಯೇ ಸಿದ್ಧವಾಗಿರಬೇಕು. ಒಂದು ಎಚ್ಚರಿಕೆ: ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಕೊಳವೆಯ ಮುಂಭಾಗಕ್ಕೆ ಸೂಕ್ತ ಸೌರ ಸೋಸುಕವಿಲ್ಲದ ದೂರದರ್ಶಕದಿಂದಾಗಲಿ ಎಂದಿಗೂ ನೋಡಕೂಡದು. ಕಣ್ಣು ಶಾಶ್ವತವಾಗಿ ಹೋಗುತ್ತದೆ. ಹಗಲಿನಲ್ಲಿ ದೂರದರ್ಶಕವನ್ನು ಕಾವಲಿಲ್ಲದೆ ಮೈದಾನದಲ್ಲಿ ಬಿಡುವುದಕ್ಕೆ ಅವಕಾಶ ಕೊಡಬಾರದು.

ಕತ್ತಲೆಯ ಕುರಿತು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಗ್ರಹಗಳನ್ನು ನೋಡಲು ಗಾಢವಾದ ಕತ್ತಲೆ ಅನಿವಾರ್ಯವಲ್ಲ. ಡಾಬ್ಸನ್ ತೋರಿಸಿದ್ದು ಮಹಾನಗರದ ಬೀದಿಯಲ್ಲಿ. ಚಂದ್ರ, ಗುರು, ಶನಿಗಳು ಬೀದಿದೀಪಗಳ ನಡುವೆಯೂ ಕಾಣುತ್ತವೆ. ಆದರೆ ಕಣ್ಣಿಗೆ ನೇರವಾಗಿ ಹೊಡೆಯುವ ಎಲ್‌ಇಡಿ ದೀಪವು ಮಗುವಿನ ನೋಟವನ್ನು ಕೆಡಿಸುತ್ತದೆ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಮೊಬೈಲ್ ಫ್ಲ್ಯಾಶ್ ಅದನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ಹಾಗೆ ಹೊಂದಿಕೊಂಡ ಕಣ್ಣಿಗೆ ಗ್ರಾಮದ ಆಕಾಶವು ನಗರದ ಮಗು ಎಂದೂ ಕಾಣದ ಕೃತ್ತಿಕೆಯ ಗೊಂಚಲನ್ನೂ, ಮಹಾವ್ಯಾಧನ ಸೊಂಟದ ಕೆಳಗಿನ ಮಸುಕು ಮೋಡವನ್ನೂ ತೋರಿಸಬಲ್ಲದು. ಆರು ಅಂಗುಲದ ದರ್ಪಣವು ಬರಿಗಣ್ಣಿಗಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಗ್ರಾಮದ ಕತ್ತಲೆಯೊಡನೆ ಸೇರಿದಾಗ ಅದರ ಫಲವೇ ಬೇರೆ.

ಬೀದಿದೀಪದ ಸ್ವಿಚ್ಚು ಪಂಚಾಯತಿಯ ವಶದಲ್ಲಿದೆ. ಮೈದಾನವನ್ನು ಸುತ್ತುವರಿದ ಕೆಲವೇ ದೀಪಗಳನ್ನು ಎರಡು ಮೂರು ಗಂಟೆಗಳ ಕಾಲ ಆರಿಸುವುದು ಕಷ್ಟದ ಕೆಲಸವಲ್ಲ. ಆದರೆ ಮಕ್ಕಳು ನಡೆದು ಮನೆಗೆ ಮರಳುವ ರಸ್ತೆಯ ದೀಪಗಳು ಉರಿಯುತ್ತಲೇ ಇರಬೇಕು. ಈ ಎರಡನ್ನೂ ಒಂದೇ ಸ್ವಿಚ್ಚಿಗೆ ಜೋಡಿಸಿರುವ ಕಡೆ ಲೈನ್‌ಮನ್ ನೆರವಿನಿಂದ ಮುಂಚಿತವಾಗಿ ಬೇರ್ಪಡಿಸಬೇಕು. ಹೈಮಾಸ್ಟ್ ದೀಪವಿರುವ ವೃತ್ತದ ಸಮೀಪದ ಮೈದಾನವನ್ನು ಆರಿಸದಿರುವುದೇ ಉತ್ತಮ. ಸ್ವಿಚ್ಚಿನ ಬಳಿ ಇರುವವನು ಹೆಚ್ಚಿನ ಕಡೆಗಳಲ್ಲಿ ನೀರುಗಂಟಿ. ಅವನಿಗೆ ಮೊದಲೇ ಲಿಖಿತವಾಗಿ ತಿಳಿಸಿರಬೇಕು. ಇಲ್ಲದಿದ್ದರೆ ದಿನದ ಅಭ್ಯಾಸದಂತೆ ಏಳು ಗಂಟೆಗೆ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಆಗ ಅವನನ್ನು ದೂಷಿಸುವುದು ನ್ಯಾಯವಲ್ಲ. ದೀಪ ಆರುವ ವಿಷಯವನ್ನು ಹಿಂದಿನ ದಿನ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯ ಧ್ವನಿವರ್ಧಕದಲ್ಲಿ ಸಾರಿದರೆ ಗ್ರಾಮಸ್ಥರಿಗೆ ಗಾಬರಿಯಾಗುವುದಿಲ್ಲ.

ಮನೆಗೆ ಮರಳುವ ದಾರಿಯ ವಿಚಾರಕ್ಕೆ ಬಂದರೆ, ಯಾರು ನೋಡುತ್ತಾರೆ ಯಾರು ನೋಡುವುದಿಲ್ಲ ಎಂಬುದನ್ನು ನಿರ್ಧರಿಸುವ ಅಂಶ ಇದೇ. ವೀಕ್ಷಣೆ ಆರಂಭವಾಗುವುದು ಕತ್ತಲಾದ ಮೇಲೆ. ದೂರದ ತಾಂಡಾ, ಹಾಡಿ, ದೊಡ್ಡಿ, ತೋಟದ ಮನೆಗಳಿಂದ ಬರುವ ಮಕ್ಕಳು ಕತ್ತಲಾಗುವ ಮುನ್ನವೇ ಹೊರಡಬೇಕಾಗುತ್ತದೆ. ಅವರಲ್ಲಿಯೂ ಹೆಣ್ಣುಮಕ್ಕಳನ್ನು ಪೋಷಕರು ಮೊದಲು ಕರೆದೊಯ್ಯುತ್ತಾರೆ. ಅವರ ಆತಂಕ ಸಹಜವಾದುದೇ. ಹೀಗೆ ಕೊನೆಗೆ ಉಳಿಯುವವರು ಶಾಲೆಯ ಪಕ್ಕದ ಬೀದಿಯ ಗಂಡುಮಕ್ಕಳು ಮಾತ್ರ. ಹಾಜರಿ ಪುಸ್ತಕದಲ್ಲಿ ಇಡೀ ಶಾಲೆ ಭಾಗವಹಿಸಿದಂತೆ ದಾಖಲಾಗಿರುತ್ತದೆ.

ಇದಕ್ಕೆ ಪರಿಹಾರವು ಸಾಲಿನ ಕ್ರಮದಲ್ಲಿಯೇ ಇದೆ. ಅತಿ ದೂರದ ಮನೆಯ ಮಗು ಅತಿ ಮುಂದೆ ನಿಲ್ಲಬೇಕು. ಪಟ್ಟಿಯನ್ನು ಮುಖ್ಯೋಪಾಧ್ಯಾಯರು ಜನವಸತಿವಾರು ಹಿಂದಿನ ದಿನವೇ ಸಿದ್ಧಪಡಿಸಿ, ಹೆಸರು ಕೂಗಿ ಕರೆಯಬೇಕು. ನಿಂತ ಜಾಗಕ್ಕೆ ಸರದಿ ಎಂದರೆ, ಊರಿನ ಕೇರಿಯ ಮಕ್ಕಳು ಯಾರೂ ಹೇಳದೆಯೇ ಹಿಂದೆ ನಿಲ್ಲುವ ಅಭ್ಯಾಸ ಇನ್ನೂ ಹಲವೆಡೆ ಉಳಿದಿದೆ. ಪಟ್ಟಿಯು ಆ ಅಭ್ಯಾಸವನ್ನು ಸದ್ದಿಲ್ಲದೆ ಮುರಿಯುತ್ತದೆ. ಸಾಮಾಜಿಕ ನ್ಯಾಯ ಸಮಿತಿಯ ಸದಸ್ಯರೊಬ್ಬರು ಪಟ್ಟಿಯ ಬಳಿ ಇರುವುದು ಒಳ್ಳೆಯದು. ತಮ್ಮ ಸರದಿ ಮುಗಿಸಿದ ಮಕ್ಕಳನ್ನು ಗುಂಪುಗುಂಪಾಗಿ ಮನೆಯವರೆಗೆ ತಲುಪಿಸುವ ಹೊಣೆಯನ್ನು ಆಯಾ ಕ್ಷೇತ್ರದ ಪಂಚಾಯತಿ ಸದಸ್ಯರು ಸಂಜೀವಿನಿ ಒಕ್ಕೂಟದ ಮಹಿಳೆಯರ ಜೊತೆ ಸೇರಿ ವಹಿಸಿಕೊಂಡರೆ, ಪೋಷಕರು ಮಗಳನ್ನು ಕಳುಹಿಸಲು ಒಪ್ಪುತ್ತಾರೆ. ಇಂತಹ ಭರವಸೆಯನ್ನು ಬೆಂಗಳೂರಿನಿಂದ ಬಂದ ವೀಕ್ಷಕರು ಕೊಡಲಾರರು. ಊರಿನವರು ಮತ ಕೊಟ್ಟು ಆರಿಸಿದವರೇ ಕೊಡಬೇಕು. ವಿದ್ಯಾರ್ಥಿನಿಲಯದ ಮಕ್ಕಳಿದ್ದಲ್ಲಿ ನಿಲಯಪಾಲಕರ ಲಿಖಿತ ಅನುಮತಿ ಬೇಕಾಗುವುದರಿಂದ ಒಂದು ವಾರ ಮುಂಚಿತವಾಗಿ ಪತ್ರ ಬರೆಯತಕ್ಕದ್ದು.

ಅಂಗವೈಕಲ್ಯವುಳ್ಳ ಮಕ್ಕಳ ವಿಚಾರದಲ್ಲಿ ಒಂದು ತಾಂತ್ರಿಕ ಅಂಶ. ಡಾಬ್ಸೋನಿಯನ್ ದೂರದರ್ಶಕದಲ್ಲಿ ಕಣ್ಣಿಡುವ ಜಾಗವು ಕೊಳವೆಯ ಮೇಲ್ತುದಿಯಲ್ಲಿರುತ್ತದೆ. ಗ್ರಹವು ನೆತ್ತಿಯ ಸಮೀಪವಿದ್ದಾಗ ಅದು ತೀರ ಎತ್ತರಕ್ಕೆ ಹೋಗುತ್ತದೆ, ದಿಗಂತದತ್ತ ಇಳಿದಾಗ ಕೆಳಗೆ ಬರುತ್ತದೆ. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಗ್ರಹವು ಕೆಳಗಿರುವ ಹೊತ್ತನ್ನು ಆರಿಸಿ ಕೊಡಬೇಕು. ಚಿಕ್ಕ ಮಕ್ಕಳಿಗೆ ಅಲುಗಾಡದ ಗಟ್ಟಿ ಮಣೆ ಅಥವಾ ಎರಡು ಮೆಟ್ಟಿಲಿನ ಪೀಠ ಬೇಕು. ಶಾಲೆಯ ಬೆಂಚನ್ನು ಬಳಸಬಹುದು, ಪ್ಲಾಸ್ಟಿಕ್ ಕುರ್ಚಿ ಬೇಡ.

ದಿನವನ್ನು ನಿಗದಿಪಡಿಸುವಾಗ ಹುಣ್ಣಿಮೆಯನ್ನು ಆರಿಸುವ ಪರಿಪಾಠ ಕೆಲವೆಡೆ ಕಂಡುಬರುತ್ತದೆ. ಹುಣ್ಣಿಮೆಯು ಚಂದ್ರನನ್ನು ನೋಡುವುದಕ್ಕೆ ಅತ್ಯಂತ ಸೂಕ್ತವಲ್ಲದ ದಿನ! ಅಂದು ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳೇ ಇರುವುದಿಲ್ಲ; ಬೆಟ್ಟಗುಣಿಗಳು ಕಾಣದೆ ಬರಿಯ ಬಿಳಿ ತಟ್ಟೆ ಕಾಣುತ್ತದೆ. ಶುಕ್ಲ ಪಂಚಮಿಯಿಂದ ದಶಮಿಯವರೆಗಿನ ದಿನಗಳಲ್ಲಿ, ಬೆಳಕು ಕತ್ತಲೆಗಳು ಸೇರುವ ಗೆರೆಯಲ್ಲಿ, ಗುಣಿಗಳ ನೆರಳುಗಳು ಉದ್ದವಾಗಿ ಬಿದ್ದು ಅವುಗಳ ಆಳವು ಕಣ್ಣಿಗೆ ಸಿಗುತ್ತದೆ. ಪಂಚಮಿ, ಷಷ್ಠಿಯ ಚಂದ್ರನು ಬೇಗನೆ ಅಸ್ತಮಿಸುವುದರಿಂದ ನಂತರದ ಹೊತ್ತು ನಕ್ಷತ್ರಗಳಿಗೂ ದೊರೆಯುತ್ತದೆ. ಶನಿಯ ಬಳೆಗಳು ಸುಮಾರು 15 ವರ್ಷಗಳಿಗೊಮ್ಮೆ ಅಂಚಿನಿಂದ ಕಾಣುವಂತಾಗಿ ಬಹುತೇಕ ಮರೆಯಾಗುತ್ತವೆ. 2025ರ ಮಾರ್ಚ್‌ನಲ್ಲಿ ಹಾಗಾಗಿತ್ತು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಅವು ಕ್ರಮೇಣ ಅಗಲವಾಗಿ ತೆರೆದುಕೊಳ್ಳುತ್ತವೆ. ಯಾವ ಗ್ರಹ ಯಾವ ಸಂಜೆ ಎಲ್ಲಿರುತ್ತದೆಂಬುದನ್ನು ‘ಸ್ಟೆಲೇರಿಯಂ’ ಎಂಬ ಉಚಿತ ತಂತ್ರಾಂಶದಲ್ಲಿ ಅರಿವು ಕೇಂದ್ರದ ಗಣಕಯಂತ್ರದಿಂದಲೇ ನೋಡಬಹುದು.

ಗ್ರಾಮದ ಹಿರಿಯ ರೈತರನ್ನು ಆ ಸಂಜೆ ಕೇವಲ ಪ್ರೇಕ್ಷಕರನ್ನಾಗಿ ಮಾಡುವುದು ಸರಿಯಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳ ಹೆಸರನ್ನು ಕ್ರಮ ತಪ್ಪದೆ ಹೇಳಬಲ್ಲವರು ಅವರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13, 14 ದಿನಗಳ ಕಾಲ ಇರುವುದರಿಂದ ಆ ಮಳೆಗಳಿಗೆ ಆ ಹೆಸರುಗಳು ಬಂದಿವೆ. ಆದುದರಿಂದ ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರವು ಸೂರ್ಯನ ಪ್ರಭೆಯಲ್ಲಿ ಮುಳುಗಿ ರಾತ್ರಿಯಲ್ಲಿ ಕಾಣುವುದೇ ಇಲ್ಲ. ಅದನ್ನು ನೋಡಬೇಕಾದರೆ ಡಿಸೆಂಬರ್, ಜನವರಿಯ ಸಂಜೆಯೇ ಆಗಬೇಕು. ಹೆಸರನ್ನು ಅಜ್ಜ ಹೇಳಿ, ನಕ್ಷತ್ರವನ್ನು ವೀಕ್ಷಕರು ತೋರಿಸಿದರೆ, ಮಗುವಿಗೆ ಎರಡೂ ಒಟ್ಟಿಗೆ ದೊರೆಯುತ್ತವೆ. ಹತ್ತು ನಿಮಿಷ ಸಾಕು.

ಈ ಎಲ್ಲ ವಿಷಯಗಳನ್ನು ಗ್ರಾಮ ಪಂಚಾಯತಿಯ ಸಂಬಂಧಿತ ಸ್ಥಾಯಿ ಸಮಿತಿಯ ಮುಂದಿಟ್ಟು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಸಮಾಲೋಚಿಸಿ, ದಿನಾಂಕ, ಆರಿಸಬೇಕಾದ ದೀಪಗಳು, ಮಕ್ಕಳನ್ನು ತಲುಪಿಸುವ ಸದಸ್ಯರ ಹೆಸರು ಇವನ್ನು ನಿರ್ಣಯದಲ್ಲಿ ದಾಖಲಿಸುವುದು ಸೂಕ್ತ. ದಿನಾಂಕವನ್ನು ಯಾವಾಗಲೂ ಎರಡಾಗಿ ಗೊತ್ತುಪಡಿಸಬೇಕು. ಒಂದು ಕಾರ್ಯಕ್ರಮಕ್ಕೆ, ಇನ್ನೊಂದು ಮೋಡ ಕವಿದರೆ. ಅಂದು ಸಂಜೆ ನಾಲ್ಕು ಗಂಟೆಗೆ ಆಕಾಶವನ್ನು ನೋಡಿ, ವೀಕ್ಷಕರೊಡನೆ ಮಾತನಾಡಿ ತೀರ್ಮಾನ ತೆಗೆದುಕೊಂಡು, ಶಾಲೆ ಬಿಡುವ ಮುನ್ನ ಮಕ್ಕಳಿಗೆ ತಿಳಿಸಬೇಕು. ಮೈದಾನಕ್ಕೆ ಬಂದು ಸೇರಿದ ನಂತರ ಮೋಡ ಕವಿದು ಅರ್ಧದಲ್ಲಿ ನಿಲ್ಲಿಸಬೇಕಾಗಿ ಬಂದರೆ, ಯಾವ ಹೆಸರಿನವರೆಗೆ ಕರೆಯಲಾಗಿದೆ ಎಂಬುದನ್ನು ಪಟ್ಟಿಯಲ್ಲಿ ಗೆರೆ ಎಳೆದು ಗುರುತಿಸಿ, ಎರಡನೆಯ ದಿನ ಆ ಗೆರೆಯ ಕೆಳಗಿನ ಹೆಸರಿನಿಂದ ಆರಂಭಿಸತಕ್ಕದ್ದು.